ಮೂರನೇ ತಿಂಗಳಲ್ಲಿ ಎಚ್‌ಐವಿ ನೆಗೆಟಿವ್ ಇತ್ತು, ಈಗ ಏಳನೇ ತಿಂಗಳು, ಮತ್ತೆ ಟೆಸ್ಟ್ ಬೇಕಾ ಮೇಡಂ?

ಪ್ರಶ್ನೆ: ಮೇಡಂ, ಹೆಸರು ಬೇಡ, ದಾವಣಗೆರೆ ಕಡೆಯವಳು. ಎರಡನೇ ಬಸುರು, ಈಗ ಏಳು ತಿಂಗಳು. ಮೂರನೇ ತಿಂಗಳಲ್ಲಿ ತಾಯಿ ಕಾರ್ಡ್ ಮಾಡ್ಸಿದಾಗ ರಕ್ತ ಪರೀಕ್ಷೆ ಎಲ್ಲಾ ಆಗಿತ್ತು, ಎಚ್‌ಐವಿ ನೆಗೆಟಿವ್ ಅಂತ ಬರ್ದಿದಾರೆ. ಹೋದ ವಾರ ನಮ್ಮ ಯಜಮಾನ್ರಿಗೆ ಹರ್ನಿಯಾ ಆಪರೇಷನ್‌ಗೆ ಅಂತ ಟೆಸ್ಟ್ ಮಾಡಿದ್ರು, ಪಾಸಿಟಿವ್ ಬಂತು. ಒಂದು ತಿಂಗಳ ಹಿಂದೆ ನಂಗೆ ಜ್ವರ ಬಂದು, ಗಂಟಲು ನೋವು, ಮೈಮೇಲೆ ಕೆಂಪು ಗುಳ್ಳೆ ಆಗಿ ಹೋಯ್ತು. ಬಿಳಿ ಸೆರಗೂ ಜಾಸ್ತಿ ಇದೆ. ಮೂರನೇ ತಿಂಗಳಲ್ಲಿ ಇಲ್ಲ ಅಂದ್ಮೇಲೆ ಈಗ ಬರತ್ತಾ? ಬಸುರಲ್ಲಿ ಹೊಸದಾಗಿ ಬಂದ್ರೆ ಮಗುಗೆ ಅಪಾಯ ಜಾಸ್ತಿ ಅಂತಾರೆ, ಬೇರೆ ಇನ್ಫೆಕ್ಷನ್ ಇದ್ರೆ ಇನ್ನೂ ಜಾಸ್ತಿ ಅಂತಾರೆ, ನಿಜಾನಾ? ಮನೇಲಿ ಅತ್ತೆಗೆ ಏನೂ ಗೊತ್ತಿಲ್ಲ.

ಉತ್ತರ: ತಂಗಿ, ಮೊದ್ಲು ಮಾಡೋ ಕೆಲ್ಸ ಹೇಳ್ತೀನಿ, ಕಾರಣ ಎಲ್ಲಾ ಆಮೇಲೆ. ನಾಳೆ ಬೆಳಿಗ್ಗೆನೇ ತಾಯಿ ಕಾರ್ಡು, ಯಜಮಾನ್ರ ರಿಪೋರ್ಟು ಎರಡೂ ತಗೊಂಡು ತಾಲ್ಲೂಕು ಆಸ್ಪತ್ರೆ ಇಲ್ಲಾ ಜಿಲ್ಲಾಸ್ಪತ್ರೆಯ ಐಸಿಟಿಸಿಗೆ, ಅಂದ್ರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷೆ ಕೇಂದ್ರಕ್ಕೆ ಹೋಗಿ. ಅಲ್ಲಿ ಟೆಸ್ಟಿಗೆ ದುಡ್ಡಿಲ್ಲ, ಆಪ್ತಸಮಾಲೋಚಕರು ಇರ್ತಾರೆ, ಅವ್ರ ಹತ್ರ ಗಂಡನ ವಿಷ್ಯ, ಜ್ವರದ ವಿಷ್ಯ, ಬಿಳಿ ಸೆರಗಿನ ವಿಷ್ಯ ಮೂರೂ ಬಿಡಿಸಿ ಹೇಳಿ. ನಿಮ್ಮಿಬ್ಬರ ಮಧ್ಯೆ ಕೊನೇ ಸಂಪರ್ಕ ಆಗಿ ಇನ್ನೂ 72 ಗಂಟೆ ಒಳಗಿದ್ರೆ ನಾಳೆ ತನಕನೂ ಕಾಯ್ಬೇಡಿ, ಇವತ್ತೇ ಹೋಗಿ, ಟೆಸ್ಟು ನೆಗೆಟಿವ್ ಇದ್ರೂ ಸೋಂಕು ತಡೆಯೋಕೆ 28 ದಿನ ತಗೊಳ್ಳೋ ಮಾತ್ರೆ ಇದೆ, ಬಸುರಿಯರೂ ತಗೋಬೋದು. ಇವತ್ತಿಂದ ಕಾಂಡೋಮ್ ಇಲ್ದೆ ಸೇರೋದು ಬೇಡ.

ಈಗ ನಿಮ್ಮ ಪ್ರಶ್ನೆ. ಮೂರನೇ ತಿಂಗಳ ನೆಗೆಟಿವ್ ಅಂದ್ರೆ ಆ ದಿನದ ರಕ್ತದಲ್ಲಿ ಸಿಗಲಿಲ್ಲ ಅಂತ ಅಷ್ಟೇ, ಒಂಬತ್ತು ತಿಂಗಳಿಗೂ ಕೊಟ್ಟ ಗ್ಯಾರಂಟಿ ಅಲ್ಲ ಅದು. ಇನ್ನೊಂದು ವಿಷ್ಯ ಇದೆ, ನಮ್ಮಲ್ಲಿ ಬೆರಳು ಚುಚ್ಚಿ ಮಾಡೋ ರ‍್ಯಾಪಿಡ್ ಟೆಸ್ಟು ನೋಡೋದು ವೈರಸ್ಸನ್ನಲ್ಲ, ವೈರಸ್ ವಿರುದ್ಧ ನಮ್ಮ ದೇಹ ತಯಾರು ಮಾಡೋ ಪ್ರತಿಕಾಯಗಳನ್ನ. ಸೋಂಕು ತಗುಲಿದ ಮೇಲೆ ಪ್ರತಿಕಾಯ ಟೆಸ್ಟಲ್ಲಿ ಕಾಣೋಷ್ಟು ಬರೋಕೆ ಸಾಮಾನ್ಯವಾಗಿ ಮೂರ್ನಾಲ್ಕು ವಾರ ಬೇಕು, ಕೆಲವರಿಗೆ ಮೂರು ತಿಂಗಳ ತನಕ ಹೋಗತ್ತೆ. ಈ ನಡುವಿನ ಅವಧಿಗೆ ವಿಂಡೋ ಪೀರಿಯಡ್ ಅಂತೀವಿ. ಟೆಸ್ಟು ನೆಗೆಟಿವ್ ಅನ್ನತ್ತೆ, ಆದ್ರೆ ವೈರಸ್ ಒಳಗೆ ಭರ್ತಿ ಬೆಳೀತಿರತ್ತೆ.

ಇದೇ ನಿಮ್ಮ ಪ್ರಶ್ನೆಯ ತಿರುಳು. ಮಗುಗೆ ದಾಟತ್ತಾ ಇಲ್ವಾ ಅನ್ನೋದನ್ನ ತೀರ್ಮಾನ ಮಾಡೋ ಅತಿ ದೊಡ್ಡ ವಿಷ್ಯ ಅಂದ್ರೆ ತಾಯಿ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋದು, ಅದನ್ನ ವೈರಲ್ ಲೋಡ್ ಅಂತೀವಿ. ಹಳೇ ಸೋಂಕಲ್ಲಿ ದೇಹ ಸ್ವಲ್ಪ ಮಟ್ಟಿಗೆ ವೈರಸ್ಸನ್ನ ಹಿಡಿದಿಟ್ಟಿರತ್ತೆ. ಹೊಸ ಸೋಂಕು ಹಾಗಲ್ಲ, ಮೊದಲ ಮಳೆಗೆ ಬಂದ ಹಳ್ಳದ ಹಾಗೆ, ತಡೆಯೋದು ಏನೂ ಇರಲ್ಲ, ಎರಡರಿಂದ ನಾಲ್ಕು ವಾರದಲ್ಲಿ ಒಂದು ಎಂಎಲ್ ರಕ್ತದಲ್ಲಿ ಲಕ್ಷಗಟ್ಟಲೆ, ಕೆಲವರಲ್ಲಿ ಹತ್ತು ಲಕ್ಷಕ್ಕೂ ಮೇಲೆ ವೈರಸ್ ಇರತ್ತೆ. ರಕ್ತದಲ್ಲಿ ಅಷ್ಟಿರೋವಾಗ ಯೋನಿ ಸ್ರಾವದಲ್ಲೂ ಜಾಸ್ತಿ, ಎದೆಹಾಲಲ್ಲೂ ಜಾಸ್ತಿ. ಅದಕ್ಕೇ ಬಸುರಲ್ಲಿ ಅಥವಾ ಬಾಣಂತನದಲ್ಲಿ ಹೊಸದಾಗಿ ಸೋಂಕು ಬಂದ ತಾಯಂದಿರಿಂದ ಮಗುಗೆ ದಾಟೋ ಸಾಧ್ಯತೆ, ಮೊದ್ಲಿಂದ ಸೋಂಕಿದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಅಂತ ಹಲವು ಅಧ್ಯಯನ ಒಟ್ಟು ಸೇರಿಸಿ ನೋಡಿದಾಗ ಗೊತ್ತಾಗಿದೆ. ಹಾಗಾಗಿ ನಿಮಗೆ ಯಾರೋ ಹೇಳಿದ್ದು ನಿಜಾನೇ.

ಆದ್ರೆ ಅವರು ಅರ್ಧ ಹೇಳಿದಾರೆ. ಉಳಿದರ್ಧ ಏನಂದ್ರೆ, ಆ ವೈರಲ್ ಲೋಡನ್ನ ಇಳಿಸೋ ಮಾತ್ರೆ ನಮ್ಮ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ, ಅಂದ್ರೆ ಎಚ್‌ಐವಿ ಚಿಕಿತ್ಸೆ ಕೊಡೋ ಕಡೆ, ಪುಕ್ಕಟೆ ಸಿಗತ್ತೆ, ಮತ್ತು ಏಳನೇ ತಿಂಗಳು ತಡ ಆಯ್ತು ಅನ್ನೋ ಹಾಗಿಲ್ಲ. ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಉಗಾಂಡ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಒಂದು ಅಧ್ಯಯನ ಮಾಡಿದ್ರು, ನಿಮ್ಮ ಹಾಗೇ 28 ವಾರ ದಾಟಿದ ಮೇಲೆ ಚಿಕಿತ್ಸೆಗೆ ಬಂದ ಬಸುರಿಯರು. ಡೊಲುಟೆಗ್ರಾವಿರ್ ಇರೋ ಮಾತ್ರೆ ತಗೊಂಡವರಲ್ಲಿ 74% ಜನಕ್ಕೆ ಹೆರಿಗೆ ಹೊತ್ತಿಗೆ ವೈರಲ್ ಲೋಡ್ ಒಂದು ಎಂಎಲ್ ರಕ್ತಕ್ಕೆ 50ಕ್ಕಿಂತ ಕೆಳಗೆ ಬಂದಿತ್ತು, ಹಳೇ ಮಾತ್ರೆ ಎಫಾವಿರೆಂಜ್ ತಗೊಂಡವರಲ್ಲಿ 43%. ಅವರಿಗೆ ಹೆರಿಗೆಗೆ ಮುಂಚೆ ಸಿಕ್ಕಿದ್ದು ಸುಮಾರು ಎಂಟು ವಾರ ಅಷ್ಟೇ. ನಿಮಗೂ ಹೆಚ್ಚುಕಮ್ಮಿ ಅಷ್ಟೇ ಸಮಯ ಇದೆ, ಅದಕ್ಕೇ ನಾಳೆನೇ ಹೋಗಿ ಅಂತ ಅಷ್ಟು ಒತ್ತಿ ಹೇಳಿದ್ದು.

ಯಾವ ಔಷಧಿನೂ ಇಲ್ದೆ ಇದ್ರೆ ಸೋಂಕಿರೋ 100 ತಾಯಂದಿರಲ್ಲಿ 15ರಿಂದ 45 ಜನರ ಮಕ್ಕಳಿಗೆ ದಾಟತ್ತೆ. ಮಾತ್ರೆ ಸರಿಯಾಗಿ ತಗೊಂಡು ವೈರಲ್ ಲೋಡ್ ಕಾಣದಷ್ಟು ಇಳಿದ್ರೆ 100ಕ್ಕೆ ಒಂದೂ ಇಲ್ಲ. ಫ್ರಾನ್ಸಲ್ಲಿ ಗರ್ಭ ನಿಲ್ಲೋಕೂ ಮುಂಚೆಯಿಂದ ಚಿಕಿತ್ಸೆ ತಗೊಂಡು ಹೆರಿಗೆ ಹೊತ್ತಲ್ಲಿ ವೈರಲ್ ಲೋಡ್ ಕಾಣದೇ ಇದ್ದ 5,482 ತಾಯಂದಿರ ಲೆಕ್ಕ ನೋಡಿದ್ರು, ಒಂದು ಮಗುಗೂ ದಾಟಿರಲಿಲ್ಲ. ನಾನು ಈ ಕೆಲ್ಸಕ್ಕೆ ಸೇರಿದಾಗ ಕೈಯಲ್ಲಿದ್ದದ್ದು ನೆವಿರಪಿನ್ ಒಂದೇ, ಹೆರಿಗೆ ನೋವು ಶುರುವಾದಾಗ ತಾಯಿಗೆ ಒಂದು ಮಾತ್ರೆ, ಹುಟ್ಟಿದ ಮಗುಗೆ ಒಂದು ಸಲ ಸಿರಪ್, ಅಷ್ಟು ಕೊಟ್ಟು ದೇವರ ಮೇಲೆ ಭಾರ ಹಾಕ್ತಿದ್ವಿ. ಆ ದಿನ ನೋಡಿದವಳಾಗಿ ಹೇಳ್ತಿದೀನಿ ತಂಗಿ, ಈಗಿನ ಮಾತ್ರೆ ಮೇಲೆ ನಂಬಿಕೆ ಇಡಿ.

ಜ್ವರದ ವಿಷ್ಯ. ಹೊಸ ಎಚ್‌ಐವಿ ಸೋಂಕಲ್ಲಿ ಎರಡರಿಂದ ನಾಲ್ಕು ವಾರಕ್ಕೆ ಜ್ವರ, ಗಂಟಲು ನೋವು, ಮೈಮೇಲೆ ಗುಳ್ಳೆ, ಕುತ್ತಿಗೆ ಹತ್ರ ಗಂಟು ಬರೋದು ಉಂಟು. ಡೆಂಗಿ, ಚಿಕೂನ್‌ಗುನ್ಯ, ಸಾಮಾನ್ಯ ವೈರಲ್ ಜ್ವರದಲ್ಲೂ ಹಾಗೇ ಆಗತ್ತೆ, ಆದ್ರಿಂದ ಜ್ವರ ಬಂತು ಅಂದ ತಕ್ಷಣ ಇದೇ ಅಂತ ತಿಳ್ಕೋಬೇಡಿ, ಎಷ್ಟೋ ಜನಕ್ಕೆ ಸೋಂಕು ತಗುಲಿದಾಗ ಒಂದು ಸೀನೂ ಬಂದಿರಲ್ಲ. ಆದ್ರೆ ಗಂಡನ ರಿಪೋರ್ಟು, ನಿಮ್ಮ ಜ್ವರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಹಗುರ ಮಾಡೋ ಹಾಗಿಲ್ಲ. ನಾಳೆ ಟೆಸ್ಟು ನೆಗೆಟಿವ್ ಬಂದ್ರೂ ಅಲ್ಲಿಗೆ ನಿಲ್ಲಿಸ್ಬೇಡಿ, ನಾಲ್ಕರಿಂದ ಆರು ವಾರ ಬಿಟ್ಟು ಇನ್ನೊಂದು ಸಲ, ಹೆರಿಗೆಗೆ ಅಡ್ಮಿಟ್ ಆದಾಗ ಇನ್ನೊಂದು ಸಲ ಮಾಡಿಸ್ಲೇಬೇಕು. ವೈರಸ್ಸನ್ನೇ ನೇರವಾಗಿ ಹುಡುಕೋ ಟೆಸ್ಟ್ ಮಾಡಿಸ್ಬೋದಾ ಅಂತಾನೂ ಎಆರ್‌ಟಿ ಡಾಕ್ಟರನ್ನ ಕೇಳಿ.

ಇದನ್ನ ಯಾಕೆ ಇಷ್ಟು ಕೊರೀತೀನಿ ಅಂದ್ರೆ, ಒಬ್ಬ ಹೆಣ್ಮಗಳು ನನ್ನ ಕಣ್ಣ ಮುಂದಿಂದ ಹೋಗಲ್ಲ. ಎಂಟು ತಿಂಗಳ ಗಂಡು ಮಗು ಎತ್ಕೊಂಡು ಬಂದಿದ್ಲು, ಮಗು ಬಾಯಿ ತುಂಬಾ ಬಿಳಿ ಅಗ್ರ, ತೂಕ ನಾಲ್ಕೂವರೆ ಕೆಜಿ, ಪದೇ ಪದೇ ಭೇದಿ. ಅವಳ ಬ್ಯಾಗಿಂದ ತಾಯಿ ಕಾರ್ಡ್ ತೆಗೆದು ನೋಡಿದೆ, ಪ್ಲಾಸ್ಟಿಕ್ ಕವರಲ್ಲಿ ಎಷ್ಟು ಜೋಪಾನವಾಗಿ ಇಟ್ಟಿದ್ಲು, ಎಲ್ಲಾ ಚೆಕಪ್‌ಗೂ ಹೋಗಿದಾಳೆ, ಎಲ್ಲಾ ಇಂಜೆಕ್ಷನ್ ಆಗಿದೆ, ಎಚ್‌ಐವಿ ಅನ್ನೋ ಕಡೆ ನೆಗೆಟಿವ್ ಅಂತ ಸೀಲು. ಹತ್ತನೇ ವಾರದ ಟೆಸ್ಟು ಅದು. ಹೆರಿಗೆ ಆದ ಆಸ್ಪತ್ರೆಯಲ್ಲಿ ಆ ಸೀಲು ನೋಡಿ ಮತ್ತೆ ಮಾಡೋದು ಬೇಡ ಅಂತ ಬಿಟ್ಟಿದ್ರು. ತಾಯಿ ರಕ್ತ ತೆಗೆದ್ವಿ, ಪಾಸಿಟಿವ್. ಮಗುದು ಪಾಸಿಟಿವ್. ಆ ತಾಯಿ ಒಂದು ದಿನನೂ ತಪ್ಪಿಸಿರ್ಲಿಲ್ಲ, ಹೇಳಿದ್ದೆಲ್ಲಾ ಮಾಡಿದ್ಲು, ಕೇಳ್ಬೇಕಾಗಿದ್ದ ಒಂದು ಟೆಸ್ಟನ್ನ ಕೇಳಬೇಕು ಅಂತ ಅವಳಿಗೆ ಯಾರೂ ಹೇಳಿರ್ಲಿಲ್ಲ. ಆ ಮಗು ಈಗ ಚಿಕಿತ್ಸೇಲಿದೆ, ಸ್ಕೂಲಿಗೆ ಹೋಗ್ತಿದೆ, ಆದ್ರೆ ತಪ್ಪಿಸ್ಬೋದಾಗಿದ್ದ ಸೋಂಕು ಅದು.

ಬಸುರಿ ಹೆಂಗಸರಿಗೆ ಸೋಂಕು ತಗುಲೋ ಸಾಧ್ಯತೆನೂ ಬೇರೆ ಸಮಯಕ್ಕಿಂತ ಜಾಸ್ತಿ ಅಂತ ತಿಳಿದಿರ್ಲಿ. ಆಫ್ರಿಕಾದಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ ದಂಪತಿಗಳನ್ನ ವರ್ಷಗಟ್ಟಲೆ ಗಮನಿಸಿದಾಗ, ಒಂದೊಂದು ಸಂಪರ್ಕಕ್ಕೆ ಸೋಂಕಿನ ಅಪಾಯ ಬಸುರಿನ ಕೊನೇ ತಿಂಗಳುಗಳಲ್ಲಿ ಸುಮಾರು 3 ಪಟ್ಟು, ಹೆರಿಗೆ ಆದ ಮೊದಲ ತಿಂಗಳುಗಳಲ್ಲಿ ಸುಮಾರು 4 ಪಟ್ಟು ಇತ್ತು. ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರತ್ತೆ. ಬಾಣಂತನಕ್ಕೆ ತವರಿಗೆ ಹೋದವಳು ಮೂರು ತಿಂಗಳಿಗೋ ಐದು ತಿಂಗಳಿಗೋ ಗಂಡನ ಮನೆಗೆ ವಾಪಸ್ ಬರ್ತಾಳೆ, ಮಗು ಇನ್ನೂ ಎದೆಹಾಲು ಕುಡೀತಿರತ್ತೆ, ಆ ಹೊತ್ತಿಗೆ ತಾಯಿ ಕಾರ್ಡು ಬೀರು ಸೇರಿರತ್ತೆ, ಯಾರೂ ತಾಯಿಗೆ ಟೆಸ್ಟ್ ಮಾಡಲ್ಲ. ಆಗ ಸೋಂಕು ತಗುಲಿದ್ರೆ? 1992ರಲ್ಲೇ, ಔಷಧಿ ಇಲ್ಲದ ಕಾಲದ ಲೆಕ್ಕ ಹಾಕಿದ್ರು. ಮೊದ್ಲಿಂದ ಸೋಂಕಿದ್ದ ತಾಯಂದಿರ ಎದೆಹಾಲಿಂದ ದಾಟೋ ಅಪಾಯ ಸುಮಾರು 14%, ಹೆರಿಗೆ ಆದ್ಮೇಲೆ ಹೊಸದಾಗಿ ಸೋಂಕು ತಗುಲಿದವರಲ್ಲಿ 29%. ಹಾಗಾಗಿ ನಿಮ್ಮ ಟೆಸ್ಟು ಈಗ ನೆಗೆಟಿವ್ ಅಂತಾನೇ ಇಟ್ಕೊಳ್ಳಿ, ಯಜಮಾನ್ರು ಇವತ್ತೇ ಮಾತ್ರೆ ಶುರು ಮಾಡ್ಬೇಕು, ಅವರ ವೈರಲ್ ಲೋಡ್ ಪೂರ್ತಿ ಇಳಿಯೋಕೆ ತಿಂಗಳುಗಳು ಬೇಕು, ಅಲ್ಲಿ ತನಕ ಕಾಂಡೋಮು, ಜೊತೆಗೆ ಪ್ರೆಪ್ ಅಂತ ಸೋಂಕು ಬರದೇ ಇರೋಕೆ ದಿನಾ ತಗೊಳ್ಳೋ ಮಾತ್ರೆ ಇದೆ, ಬಸುರಲ್ಲೂ ಹಾಲುಣಿಸೋವಾಗಲೂ ತಗೋಬೋದು, ಕೇಳಿ. ಹಾಲು ಕುಡಿಸೋವಷ್ಟು ದಿನ ನಿಮಗೆ ಆಗಾಗ ಟೆಸ್ಟು ಆಗ್ತಿರ್ಬೇಕು.

ಈಗ ಬೇರೆ ಇನ್ಫೆಕ್ಷನ್ ಮಾತು. ತಾಯಿಗೆ ಎಚ್‌ಐವಿ ಇದ್ದು ಅದರ ಜೊತೆ ಇನ್ನೊಂದು ಸೋಂಕೂ ಇದ್ರೆ ಏನಾಗತ್ತೆ ಅಂತ. ಮಾಸು ಅಂತೀವಲ್ಲ, ಅದು ತಾಯಿ ರಕ್ತಕ್ಕೂ ಮಗು ರಕ್ತಕ್ಕೂ ನಡುವೆ ಇರೋ ಬೇಲಿ, ಆಹಾರ ಆಮ್ಲಜನಕ ದಾಟಿಸಿದ್ರೂ ಎರಡು ರಕ್ತ ನೇರವಾಗಿ ಬೆರೆಯೋಕೆ ಬಿಡಲ್ಲ. ಚಿಕಿತ್ಸೆ ಇಲ್ಲದ ತಾಯಂದಿರಲ್ಲೂ ಹೆಚ್ಚಿನ ಮಕ್ಕಳಿಗೆ ಹೊಟ್ಟೇಲಿ ದಾಟದೇ ಇರೋದು ಈ ಮಾಸಿನ ದೆಸೆಯಿಂದ. ಸೋಂಕು ಬಂದು ಮಾಸಲ್ಲೋ, ಮಗು ಸುತ್ತ ಇರೋ ನೀರಿನ ಚೀಲದ ಪೊರೆಯಲ್ಲೋ ಉರಿಯೂತ ಆದ್ರೆ ಬೇಲಿ ಸಡಿಲ ಆಗತ್ತೆ. ಅದೂ ಅಲ್ದೆ ಸೋಂಕಿನ ಜೊತೆ ಹೊಡೆದಾಡೋಕೆ ದೇಹ ಕಳಿಸೋ ಬಿಳಿ ರಕ್ತಕಣಗಳೇ ಎಚ್‌ಐವಿ ಹೊಕ್ಕೋಕೆ ಹುಡುಕೋ ಕಣಗಳು, ಅವು ಗುಂಪಾಗಿ ಸೇರಿದ ಕಡೆ ವೈರಸ್ಸೂ ಬೆಳೆಯತ್ತೆ.

ಎಲ್ಲದಕ್ಕಿಂತ ಮುಂಚೆ ಸಿಫಿಲಿಸ್ ಹೇಳ್ತೀನಿ. ನೋವಿಲ್ಲದ ಒಂದು ಹುಣ್ಣಾಗಿ ತಾನೇ ಮಾಯ್ದು ಹೋಗತ್ತೆ, ಗೊತ್ತೇ ಆಗಲ್ಲ, ಆದ್ರೆ ಒಳಗೆ ಮಾಸನ್ನ ಹಾಳು ಮಾಡತ್ತೆ, ತಾನೇ ಮಗುಗೆ ದಾಟತ್ತೆ, ಮಗು ಹೊಟ್ಟೇಲೇ ತೀರಿಕೊಳ್ಳೋ ಹಾಗೂ ಮಾಡತ್ತೆ. ಎಚ್‌ಐವಿ ಬರೋ ದಾರಿನೇ ಇದಕ್ಕೂ. ಗಂಡನಿಗೆ ಈಗ ಪಾಸಿಟಿವ್ ಬಂದಿರೋದ್ರಿಂದ ನಿಮ್ಮಿಬ್ಬರಿಗೂ ಸಿಫಿಲಿಸ್ ಟೆಸ್ಟ್ ಮತ್ತೆ ಆಗ್ಲೇಬೇಕು. ಇದ್ರೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್, ಸೊಂಟಕ್ಕೆ ಕೊಡ್ತಾರೆ, ನೋವಾಗತ್ತೆ, ಆದ್ರೆ ಮಗುನ ಉಳಿಸತ್ತೆ. ಹೆರಿಗೆಗೆ ಒಂದು ತಿಂಗಳಾದ್ರೂ ಮುಂಚೆ ಬಿದ್ದಿರ್ಬೇಕು, ಅದಕ್ಕೂ ಆತುರ ಮಾಡೋದು.

ಬಿಳಿ ಸೆರಗು ಬಸುರಲ್ಲಿ ಸ್ವಲ್ಪ ಜಾಸ್ತಿ ಇರೋದು ಸಹಜ. ವಾಸನೆ, ತುರಿಕೆ, ಉರಿ, ಹಸಿರು ಹಳದಿ ಬಣ್ಣ ಇದ್ರೆ ಸೋಂಕು. ಅದು ಇದ್ದಾಗ ನಿಮಗೆ ಎಚ್‌ಐವಿ ಅಂಟೋದೂ ಸುಲಭ, ಎಚ್‌ಐವಿ ಈಗಾಗ್ಲೇ ಇದ್ರೆ ಹೆರಿಗೆ ದಾರಿಯಲ್ಲಿ ವೈರಸ್ ಜಾಸ್ತಿ ಇರೋದೂ ಉಂಟು, ಮೇಲೇರಿ ನೀರಿನ ಚೀಲಕ್ಕೆ ತಲುಪಿದ್ರೆ ಚೀಲ ಬೇಗ ಒಡೆದು ದಿನ ತುಂಬೋ ಮುಂಚೆ ಹೆರಿಗೆ ಆಗತ್ತೆ. ನಾಚಿಕೆ ಪಟ್ಕೊಂಡು ಹೇಳ್ದೆ ಇರೋರೇ ಜಾಸ್ತಿ, ನೀವು ಬರ್ದಿದ್ದು ಒಳ್ಳೇದಾಯ್ತು. ಡಾಕ್ಟರ್ ನೋಡಿ ಮಾತ್ರೆ ಕೊಡ್ತಾರೆ, ನೀವೇ ಅಂಗಡಿಯಿಂದ ತಂದು ಹಾಕ್ಕೋಬೇಡಿ, ಒಳಗೆ ಡೆಟಾಲು ಗಿಟಾಲು ಹಾಕಿ ತೊಳೀಬೇಡಿ. ಜನನಾಂಗದ ಮೇಲೆ ನೀರ್ಗುಳ್ಳೆ ಬಂದು ಒಡೆಯೋ ಹರ್ಪಿಸ್ ಇದ್ರೂ ಹೇಳಿ. ನೀರು ಹೋಯ್ತು ಅಂದ್ರೆ ನೋವು ಬರ್ಲಿ ಅಂತ ಮನೇಲಿ ಕೂರ್ಬೇಡಿ, ಚಿಕಿತ್ಸೆ ಅಷ್ಟಾಗಿ ಇಲ್ಲದ ಕಾಲದ ಅಧ್ಯಯನದಲ್ಲಿ ನೀರು ಒಡೆದ ಮೇಲೆ ಮಗುಗೆ ಎಚ್‌ಐವಿ ದಾಟೋ ಅಪಾಯ ಪ್ರತಿ ಗಂಟೆಗೂ ಇದ್ದದ್ದಕ್ಕಿಂತ ಸುಮಾರು 2%ನಷ್ಟು ಏರ್ತಾ ಹೋಗಿತ್ತು.

ಟಿಬಿ ಬಗ್ಗೆ ನಮ್ಮ ಪಕ್ಕದ ಪುಣೆಯಲ್ಲೇ ಆದ ಕೆಲ್ಸ ಇದೆ. ಅಲ್ಲಿ ಎಚ್‌ಐವಿ ಇದ್ದ ತಾಯಂದಿರಲ್ಲಿ ಟಿಬಿನೂ ಇದ್ದವರ ಮಕ್ಕಳಿಗೆ ಎಚ್‌ಐವಿ ದಾಟಿದ್ದು ಸುಮಾರು 30%, ಟಿಬಿ ಇಲ್ಲದವರಲ್ಲಿ 12%. ಎರಡು ವಾರಕ್ಕೆ ಮೇಲೆ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಬಸುರಲ್ಲೂ ತೂಕ ಏರ್ದೇ ಇರೋದು, ಇವುಗಳಲ್ಲಿ ಒಂದಿದ್ರೂ ಕಫ ಟೆಸ್ಟ್ ಮಾಡ್ಸಿ. ಟಿಬಿ ಮಾತ್ರೆ ರಿಫಾಂಪಿಸಿನ್ ಜೊತೆ ಡೊಲುಟೆಗ್ರಾವಿರ್ ದಿನಕ್ಕೆರಡು ಸಲ ಬೇಕಾಗತ್ತೆ, ಅದಕ್ಕೇ ಟಿಬಿ ಡಾಕ್ಟರಿಗೆ ಎಆರ್‌ಟಿ ವಿಷ್ಯ, ಎಆರ್‌ಟಿ ಡಾಕ್ಟರಿಗೆ ಟಿಬಿ ವಿಷ್ಯ ಗೊತ್ತಿರ್ಬೇಕು. ಮಲೇರಿಯಾ ಬಗ್ಗೆ ಅಧ್ಯಯನಗಳು ಒಂದೊಂದು ಒಂದೊಂದು ಥರ ಹೇಳ್ತವೆ, ಬಸುರಲ್ಲಿ ಚಳಿಜ್ವರ ಬಂದ್ರೆ ಎಚ್‌ಐವಿ ಇರ್ಲಿ ಬಿಡ್ಲಿ ರಕ್ತ ನೋಡಿಸ್ಬೇಕು, ಅಷ್ಟು ಸಾಕು.

ನಿಮ್ಮ ಟೆಸ್ಟು ಪಾಸಿಟಿವ್ ಬಂತು ಅಂತಾನೇ ಇಟ್ಕೊಳ್ಳಿ. ಐಸಿಟಿಸಿಲಿ ಬೇರೆ ಬೇರೆ ಕಿಟ್ಟಲ್ಲಿ ಖಚಿತ ಮಾಡ್ಕೊಂಡೇ ಹೇಳ್ತಾರೆ, ಅವತ್ತೇ ಅಥವಾ ಮಾರನೇ ದಿನ ಮಾತ್ರೆ ಶುರು ಮಾಡ್ತಾರೆ, ಸಿಡಿ4 ಅನ್ನೋ ರೋಗನಿರೋಧಕ ಕಣಗಳ ಲೆಕ್ಕದ ರಿಪೋರ್ಟ್ ಬರ್ಲಿ ಅಂತ ಕಾಯೋದಿಲ್ಲ. ಇಲ್ಲೊಂದು ಚಿಕ್ಕ ವಿಷ್ಯ, ಬಹಳ ಜನ ಇದರಲ್ಲೇ ಎಡವೋದು. ಆಶಾ ಕೊಟ್ಟಿರೋ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ನೀವು ತಗೋತಿರ್ತೀರ. ಬರೀ ಹೊಟ್ಟೇಲಿ ಅವುಗಳ ಜೊತೆಗೇ ಡೊಲುಟೆಗ್ರಾವಿರ್ ನುಂಗಿದ್ರೆ ಕಬ್ಬಿಣ, ಕ್ಯಾಲ್ಸಿಯಂ ಅದನ್ನ ಹಿಡ್ಕೊಂಡು ರಕ್ತಕ್ಕೆ ಸೇರೋಕೆ ಬಿಡಲ್ಲ. ಎಚ್‌ಐವಿ ಮಾತ್ರೆ ನುಂಗಿ ಎರಡು ಗಂಟೆ ಆದ್ಮೇಲೆ ಕಬ್ಬಿಣ, ಕ್ಯಾಲ್ಸಿಯಂ ತಗೊಳ್ಳಿ. ಅವನ್ನ ಮೊದ್ಲು ತಗೊಂಡಿದ್ರೆ ಆರು ಗಂಟೆ ಬಿಟ್ಟು ಎಚ್‌ಐವಿ ಮಾತ್ರೆ. ಒಬ್ಬಳು ಒಂದು ದಿನನೂ ಮಾತ್ರೆ ಬಿಟ್ಟಿರ್ಲಿಲ್ಲ, ಆದ್ರೂ ವೈರಲ್ ಲೋಡ್ ಇಳೀತಿರ್ಲಿಲ್ಲ. ಡಬ್ಬಿ ತೋರಿಸಮ್ಮ ಅಂದೆ, ಮರೀಬಾರ್ದು ಅಂತ ಮೂರೂ ಮಾತ್ರೆ ಒಂದೇ ಡಬ್ಬೀಲಿ ಹಾಕಿ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಟ್ಟಿಗೆ ನುಂಗ್ತಿದ್ಲು. ಹೊತ್ತು ಬೇರೆ ಮಾಡಿಸಿದ್ವಿ, ಮುಂದಿನ ಟೆಸ್ಟಲ್ಲಿ ಇಳೀತು.

ಹೆರಿಗೆಗೆ ಮುಂಚೆ, 32ರಿಂದ 36 ವಾರದ ನಡುವೆ ವೈರಲ್ ಲೋಡ್ ನೋಡ್ತಾರೆ. ಎಚ್‌ಐವಿ ಇದೆ ಅನ್ನೋ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಹುಟ್ಟಿದ ಮಗುಗೆ ಸಿರಪ್ಪು, ತಾಯಿ ತಡವಾಗಿ ಚಿಕಿತ್ಸೆ ಶುರು ಮಾಡಿದ್ರೆ ಅಥವಾ ವೈರಲ್ ಲೋಡ್ ಜಾಸ್ತಿ ಇದ್ರೆ ಒಂದರ ಬದ್ಲು ಎರಡು ಔಷಧಿ, ಹೆಚ್ಚು ವಾರ. ನಿಮ್ಮದು ಬಸುರಲ್ಲೇ ಬಂದ ಸೋಂಕಾಗಿದ್ರೆ ನಿಮ್ಮ ಮಗು ಆ ಗುಂಪಿಗೆ ಬರತ್ತೆ, ಮರೀದೆ ಹೇಳಿ. ಎದೆಹಾಲೇ ಕೊಡೋದು ಅಂತ ತೀರ್ಮಾನ ಆದ್ರೆ ಆರು ತಿಂಗಳು ಬರೀ ಎದೆಹಾಲು. ಜೇನುತುಪ್ಪ ನೆಕ್ಕಿಸೋದು, ಸಕ್ಕರೆ ನೀರು, ಬಜೆ ತೇಯ್ದು ಹಾಕೋದು, ನಡುನಡುವೆ ಹಸುವಿನ ಹಾಲು ಇದ್ಯಾವುದೂ ಬೇಡ. ಮಗು ಕರುಳಿನ ಒಳಪದರ ಎಳೇದು, ಹೊರಗಿನದು ಹೋಗಿ ಅಲ್ಲಿ ಗಾಯ ಆದ್ರೆ ವೈರಸ್ಸಿಗೆ ದಾರಿ. ಮೊಲೆತೊಟ್ಟು ಬಿರುಕು ಬಿಟ್ರೆ, ಎದೆ ಕಲ್ಲಿನ ಹಾಗೆ ಆಗಿ ಕೆಂಪಗೆ ಸುಡ್ತಿದ್ರೆ ಆ ಕಡೆ ಹಾಲು ಹಿಂಡಿ ಚೆಲ್ಲಿ, ಇನ್ನೊಂದು ಕಡೆ ಕುಡ್ಸಿ, ಅವತ್ತೇ ಡಾಕ್ಟರ್ ಹತ್ರ ಹೋಗಿ. ಮಗು ಬಾಯಲ್ಲಿ ಅಗ್ರ ಇದ್ರೂ ಹಾಗೇ. ಇವೂ ಇನ್ಫೆಕ್ಷನ್ನೇ, ನೀವು ಕೇಳಿದ ಪ್ರಶ್ನೆ ಬಸುರಿಗೆ ಮುಗಿಯಲ್ಲ.

ಆರು ವಾರಕ್ಕೆ ಮಗು ಹಿಮ್ಮಡಿ ಚುಚ್ಚಿ, ದಪ್ಪ ಕಾಗದದ ಕಾರ್ಡಿನ ಮೇಲೆ ಇರೋ ಸಣ್ಣ ಸಣ್ಣ ವೃತ್ತದೊಳಗೆ ಒಂದೊಂದು ಹನಿ ರಕ್ತ ಬಿಟ್ಟು, ಒಣಗಿಸಿ ಲ್ಯಾಬಿಗೆ ಕಳಿಸ್ತಾರೆ, ಅದು ವೈರಸ್ಸನ್ನೇ ಹುಡುಕೋ ಟೆಸ್ಟು. ಸಾಮಾನ್ಯ ಟೆಸ್ಟು ಮಗುಗೆ ಆಗ ಪ್ರಯೋಜನ ಇಲ್ಲ, ತಾಯಿಯ ಪ್ರತಿಕಾಯ ಮಗು ರಕ್ತದಲ್ಲಿ 18 ತಿಂಗಳ ತನಕ ಇರ್ಬೋದು, ಸೋಂಕಿಲ್ದಿದ್ರೂ ಪಾಸಿಟಿವ್ ಅಂತ ತೋರಿಸತ್ತೆ. ಖಾಸಗಿ ಲ್ಯಾಬಲ್ಲಿ ಹಾಗೆ ಮಾಡ್ಸಿ ಕಂಗಾಲಾಗಿ ಬಂದೋರನ್ನ ನೋಡಿದೀನಿ. ಕೊನೇ ತೀರ್ಮಾನ 18 ತಿಂಗಳ ಟೆಸ್ಟಲ್ಲಿ.

ಅತ್ತೆ ವಿಷ್ಯ ಕೇಳಿದ್ರಿ. ಹೇಳೋದು ಬಿಡೋದು ನಿಮ್ಮಿಷ್ಟ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ, ಆಸ್ಪತ್ರೆಯವರು ನಿಮ್ಮ ಒಪ್ಪಿಗೆ ಇಲ್ದೆ ಟೆಸ್ಟ್ ಮಾಡೋ ಹಾಗಿಲ್ಲ, ನಿಮ್ಮ ಸ್ಥಿತಿನ ಮನೆಯವರಿಗೆ ಬಾಯಿ ಬಿಡೋ ಹಾಗಿಲ್ಲ, ಎಚ್‌ಐವಿ ಅಂತ ಹೆರಿಗೆ ಮಾಡಲ್ಲ ಅನ್ನೋ ಹಾಗೂ ಇಲ್ಲ. ಆದ್ರೆ ಬಾಣಂತನಕ್ಕೆ ತವರಿಗೆ ಹೋಗ್ತೀರಲ್ಲ, ಮಗುಗೆ ಬಜೆ ತೇಯೋರು, ಜೇನು ತರೋರು ಅಲ್ಲಿ ಇರ್ತಾರೆ, ಮಾತ್ರೆ ಡಬ್ಬಿ ಕಣ್ಣಿಗೆ ಬೀಳತ್ತೆ. ನಿಮ್ಮ ತಾಯಿನೋ, ಅಕ್ಕನೋ, ನೀವು ನಂಬೋ ಒಬ್ಬರಿಗಾದ್ರೂ ಗೊತ್ತಿದ್ರೆ ಕಷ್ಟದಲ್ಲಿ ಜೊತೆ ನಿಲ್ತಾರೆ. ಹೊರಡೋ ಮುಂಚೆ ಎಆರ್‌ಟಿ ಕೇಂದ್ರದಲ್ಲಿ ತವರು ಯಾವ ತಾಲ್ಲೂಕು ಅಂತ ಹೇಳಿ, ಅಲ್ಲಿಂದನೇ ಮಾತ್ರೆ ಸಿಗೋ ಹಾಗೆ ಬರ್ಕೊಡ್ತಾರೆ, ಮಾತ್ರೆ ಮುಗಿದು ಹತ್ತು ದಿನ ತಪ್ಪೋದು ಹೆಚ್ಚಾಗಿ ಇಲ್ಲೇ. ರಾತ್ರಿ ಏನಾದ್ರೂ ಕೇಳ್ಬೇಕು ಅನ್ಸಿದ್ರೆ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಹೆಸರು ಹೇಳ್ಬೇಕಾಗಿಲ್ಲ.

ಮತ್ತೆ ತಂಗಿ, ಮೊದಲ ಮಗುಗೂ ಟೆಸ್ಟ್ ಬೇಕಾಗ್ಬೋದು. ಯಜಮಾನ್ರಿಗೆ ಯಾವಾಗ ಬಂತು ಅಂತ ಯಾರಿಗೂ ಗೊತ್ತಿಲ್ಲ. ನಿಮ್ಮ ಟೆಸ್ಟುಗಳೆಲ್ಲಾ ನೆಗೆಟಿವ್ ಆದ್ರೆ ಆ ಮಗು ಬಗ್ಗೆ ಚಿಂತೆ ಇಲ್ಲ. ನಿಮಗೆ ಪಾಸಿಟಿವ್ ಬಂದು, ಮೂರನೇ ತಿಂಗಳ ಆ ನೆಗೆಟಿವ್ ಟೆಸ್ಟಿಗೆ ಸ್ವಲ್ಪ ಮುಂಚೆನೋ ಆಮೇಲೋ ಮೊದಲ ಮಗು ಇನ್ನೂ ನಿಮ್ಮ ಹಾಲು ಕುಡೀತಿತ್ತು ಅಂದ್ರೆ, ಅದಕ್ಕೂ ಟೆಸ್ಟ್ ಆಗ್ಬೇಕು, ಹಾಗಿದ್ರೆ ನಾಳೆನೇ ಜೊತೇಲಿ ಕರ್ಕೊಂಡು ಹೋಗಿರೋದು ಒಳ್ಳೇದು.